ಮಟ್ಟಿಯಿಂದ ಚಾಪೆಗೆ

ಸೊಂಟನೋವೆಂದು ವೈದ್ಯರ ಬಳಿ ಹೋದವರ ಕೈಗೆ ಈಗ ಮಾತ್ರೆ ಚೀಟಿಯ ಜೊತೆಗೆ ವ್ಯಾಯಾಮದ ಹಾಳೆಯೊಂದೂ ಬರುತ್ತದೆ. ಮೊಣಕೈ ಊರಿ ತಲೆಯಿಂದ ಹಿಮ್ಮಡಿಯವರೆಗೆ ಮೈಯನ್ನು ನೆಟ್ಟಗೆ ಹಿಡಿಯುವ ಪ್ಲ್ಯಾಂಕ್, ಅಂಗಾತ ಮಲಗಿ ಸೊಂಟ ಎತ್ತುವ ಬ್ರಿಜ್, ಮಂಡಿಯೂರಿ ಒಂದು ಕೈಯನ್ನೂ ಎದುರು ಬದಿಯ ಕಾಲನ್ನೂ ಚಾಚುವ ಇನ್ನೊಂದು ಭಂಗಿ. ಹೊಟ್ಟೆ, ಬೆನ್ನು, ಸೊಂಟವನ್ನು ಸುತ್ತುವರಿದ ಸ್ನಾಯುಗಳಿಗೆ, ಎಲ್ಲರೂ ಈಗ ಕೋರ್ ಎನ್ನುವ ಆ ಭಾಗಕ್ಕೆ, ಬಲ ತುಂಬುವ ಕ್ರಮಗಳಿವು. ಬೇಕಾದದ್ದು ಒಂದು ಚಾಪೆ, ಆರಡಿ ನೆಲ, ಹತ್ತು ಹದಿನೈದು ನಿಮಿಷ. ಇದರ ಹುಟ್ಟಿನ ಬಗ್ಗೆ ಎರಡು ಮಾತು ಚಾಲ್ತಿಯಲ್ಲಿವೆ. ಇದು ಪಶ್ಚಿಮದ ಹೊಸ ವಿಜ್ಞಾನ, ಮೊನ್ನೆ ಮೊನ್ನೆ ಫೋನಿನ ಪರದೆಯ ಮೇಲೆ ನಮ್ಮ ಮನೆಗೆ ಬಂದದ್ದು ಎನ್ನುವವರು ಕೆಲವರು. ಇದರಲ್ಲಿ ಹೊಸದೇನೂ ಇಲ್ಲ, ಸಾವಿರಾರು ವರ್ಷಗಳಿಂದ ನಮ್ಮ ಹಿರಿಯರು ಮನೆಮನೆಯಲ್ಲೂ ಮಾಡುತ್ತಿದ್ದ ಯೋಗವೇ ಇದು ಎನ್ನುವವರು ಇನ್ನು ಕೆಲವರು. ದಾಖಲೆಗಳನ್ನು ಮುಂದಿಟ್ಟುಕೊಂಡು ನೋಡಿದರೆ ಎರಡೂ ನಿಲ್ಲುವುದಿಲ್ಲ. ಚಲನೆಗಳು ಹಳೆಯವು, ನಿಜ. ಆದರೆ ಅವನ್ನು ಒಬ್ಬರೇ, ಮನೆಯೊಳಗೆ, ಪುಸ್ತಕ ನೋಡಿಕೊಂಡು, ಹೊಟ್ಟೆ ಸೊಂಟವನ್ನೇ ಗುರಿಯಾಗಿಟ್ಟು ಮಾಡುವ ಪದ್ಧತಿ ರೂಪುಗೊಂಡದ್ದು ಹೆಚ್ಚುಕಡಿಮೆ 1890 ಮತ್ತು 1940ರ ನಡುವಿನ ಐವತ್ತು ವರ್ಷಗಳಲ್ಲಿ. ಆ ಕೆಲಸದ ದೊಡ್ಡ ಪಾಲು ನಡೆದದ್ದು ಬೆಂಗಳೂರು, ಮೈಸೂರಿನಲ್ಲಿ, ಮತ್ತು ನಮ್ಮ ಗಡಿಯಾಚೆಯ ಔಂಧ್ ಎಂಬ ಪುಟ್ಟ ಸಂಸ್ಥಾನದಲ್ಲಿ.

ಅದಕ್ಕೂ ಮುಂಚೆ ವ್ಯಾಯಾಮಕ್ಕೊಂದು ಗೊತ್ತಾದ ಜಾಗವಿತ್ತು. ಹಳೆ ಮೈಸೂರು ಸೀಮೆಯಲ್ಲಿ ಗರಡಿ ಮನೆ, ಉತ್ತರ ಕರ್ನಾಟಕದಲ್ಲಿ ತಾಲೀಮು. ತುಳುನಾಡಿನಲ್ಲಿ ಕೋಟಿ ಚೆನ್ನಯರ ಹೆಸರಿನ ಗರಡಿಗಳು ದೈವಸ್ಥಾನಗಳಾಗಿಯೇ ಉಳಿದಿವೆ. ಮೈಸೂರಿನ ಗರಡಿ ಎಂದರೆ ತಲೆ ಬಗ್ಗಿಸಿ ನುಗ್ಗಬೇಕಾದ ಗಿಡ್ಡ ಬಾಗಿಲು, ಮಂದ ಬೆಳಕು, ನಡುವೆ ಎಣ್ಣೆ, ಅರಿಶಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಮಟ್ಟಿ, ಗೋಡೆಗೆ ಒರಗಿಸಿಟ್ಟ ಗದೆ, ಮೂಲೆಯಲ್ಲಿ ಕಲ್ಲುಗುಂಡು, ಸೂರಿನಿಂದ ಇಳಿಬಿಟ್ಟ ಹಗ್ಗ, ಮತ್ತೊಂದು ಬದಿಯಲ್ಲಿ ಹನುಮಂತನ ಪಟ. ಅಲ್ಲಿ ಮಾಡುವುದು ಸಾಮು. ದಂಡೆ ಹೊಡೆಯುವುದು, ಬಸ್ಕಿ ತೆಗೆಯುವುದು, ಗದೆ ತಿರುಗಿಸುವುದು, ಗುಂಡು ಎತ್ತುವುದು, ಕೊನೆಗೆ ಜೊತೆಯವನೊಂದಿಗೆ ಮಟ್ಟಿಗಿಳಿಯುವುದು. ಉಸ್ತಾದರ ಕಣ್ಣು ತಪ್ಪಿಸಿ ಅರ್ಧ ದಂಡೆ ಹೊಡೆದು ಒಂದೆಂದು ಎಣಿಸುವಂತಿರಲಿಲ್ಲ. ಮೈಸೂರಿನ ಜಟ್ಟಿಗಳಿಗಂತೂ ಇದು ಕುಲವೃತ್ತಿ. ವಿಜಯದಶಮಿಯಂದು ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗಕ್ಕೆ ಆಳು ಒದಗಿಸುತ್ತ ಬಂದವರು ಅವರೇ. ಒಟ್ಟಿನಲ್ಲಿ ಸಾಮು ಎಂಬುದು ಹಲವರು ಕೂಡಿ, ಒಬ್ಬರ ಆಳ್ವಿಕೆಯಲ್ಲಿ, ಒಂದು ಸೆಣಸಾಟಕ್ಕಾಗಿ ಮಾಡುವ ಸಿದ್ಧತೆ.

ಇದರ ಹಳಮೆಗೆ ಗಟ್ಟಿ ಸಾಕ್ಷ್ಯಗಳಿವೆ. ಕಲ್ಯಾಣದಿಂದ, ಅಂದರೆ ಇಂದಿನ ಬಸವಕಲ್ಯಾಣದಿಂದ, ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೆಯ ಶತಮಾನದ ಸಂಸ್ಕೃತ ಕೃತಿ ಮಾನಸೋಲ್ಲಾಸದಲ್ಲಿ ಮಲ್ಲವಿನೋದ ಎಂಬ ಭಾಗವೊಂದಿದೆ. ವಯಸ್ಸು, ಮೈಕಟ್ಟು, ಶಕ್ತಿ ನೋಡಿ ಮಲ್ಲರನ್ನು ತರಗತಿಗಳಾಗಿ ವಿಂಗಡಿಸುವುದು, ಅವರಿಗೆ ಕೊಡಬೇಕಾದ ಆಹಾರ, ಮಾಡಿಸಬೇಕಾದ ಶ್ರಮ ಎಲ್ಲವೂ ಅಲ್ಲಿ ಬರುತ್ತವೆ. ಭಾರ ಎತ್ತುವುದು ಭಾರಶ್ರಮ, ಸುತ್ತಾಡುವುದು ಭ್ರಮಣಶ್ರಮ, ನೀರಿನಲ್ಲಿ ಮಾಡುವುದು ಸಲಿಲಶ್ರಮ, ಕಂಬದ ಮೇಲೆ ಮಾಡುವುದು ಸ್ತಂಭಶ್ರಮ. ಈ ಕೊನೆಯದನ್ನು ಮಲ್ಲಕಂಬದ ಪೂರ್ವರೂಪವೆಂದು ಹಲವರು ಗುರುತಿಸುತ್ತಾರೆ. ಇನ್ನೊಂದು ಸಾಕ್ಷ್ಯ ನಾಲ್ಕು ಶತಮಾನ ಕಳೆದ ಮೇಲಿನದು. 1520ರ ಆಸುಪಾಸಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಕೃಷ್ಣದೇವರಾಯನ ಬೆಳಗಿನ ಕ್ರಮವನ್ನು ಬರೆದಿಟ್ಟಿದ್ದಾನೆ. ರಾಯ ಬೆಳಕು ಹರಿಯುವ ಮುನ್ನ ಎದ್ದು ಎಳ್ಳೆಣ್ಣೆ ಕುಡಿಯುತ್ತಾನೆ, ಅದನ್ನೇ ಮೈಗೆ ಬಳಿದುಕೊಳ್ಳುತ್ತಾನೆ, ತುಂಡುಬಟ್ಟೆ ಕಟ್ಟಿ ಮಣ್ಣಿನಲ್ಲಿ ಮಾಡಿದ ಭಾರಗಳನ್ನು ಎತ್ತುತ್ತಾನೆ, ಕುಡಿದ ಎಣ್ಣೆ ಬೆವರಾಗಿ ಇಳಿಯುವ ತನಕ ಕತ್ತಿ ಝಳಪಿಸುತ್ತಾನೆ, ಆಮೇಲೆ ಒಬ್ಬ ಜಟ್ಟಿಯೊಡನೆ ಕುಸ್ತಿಗಿಳಿಯುತ್ತಾನೆ, ಕೊನೆಗೆ ಕುದುರೆ ಏರಿ ಬೆಳಗಾಗುವವರೆಗೆ ಓಡಿಸುತ್ತಾನೆ. ಇಷ್ಟೊಂದು ವಿವರವಾಗಿ ಒಬ್ಬ ಅರಸನ ವ್ಯಾಯಾಮ ದಾಖಲಾದದ್ದು ನಮ್ಮಲ್ಲಿ ಅಪರೂಪ.

ಹಾಗಾದರೆ ರಾಯ ತನ್ನ ಅರಮನೆಯಲ್ಲೇ ವ್ಯಾಯಾಮ ಮಾಡುತ್ತಿದ್ದನಲ್ಲ, ಅದೂ ಮನೆ ವ್ಯಾಯಾಮವೇ ತಾನೇ ಎಂದು ಕೇಳಬಹುದು. ಪ್ರಶ್ನೆ ಸರಿಯಾದದ್ದೇ. ಆದರೆ ಪಾಯೆಸನ ವಿವರದಲ್ಲಿ ರಾಯ ಒಂಟಿಯಲ್ಲ. ಎದುರಾಳಿಯಾಗಿ ಜಟ್ಟಿ ಇದ್ದಾನೆ, ಕುದುರೆ ಇದೆ, ಮುಗಿದ ಮೇಲೆ ಮೈ ತೊಳೆಯುವ ಬ್ರಾಹ್ಮಣನೂ ಇದ್ದಾನೆ. ಗರಡಿಗೆ ರಾಯ ಹೋಗುವ ಬದಲು ಗರಡಿಯೇ ರಾಯನ ಬಳಿಗೆ ಬಂದಿದೆ, ಅಷ್ಟೆ. ಮಾನಸೋಲ್ಲಾಸವೂ ಹಾಗೆಯೇ. ಅದು ಓದುಗ ತಾನೇ ಮಾಡಲಿ ಎಂದು ಬರೆದ ಕೈಪಿಡಿಯಲ್ಲ. ಮಲ್ಲರನ್ನು ಸಾಕಿ ಅವರ ಕಾಳಗ ನೋಡುವ ಅರಸನಿಗೆ ಹೇಳಿದ ಮಾತು, ಆದ್ದರಿಂದಲೇ ಅದರ ಹೆಸರು ವಿನೋದ. ಇನ್ನೂ ಒಂದು ಸಂಗತಿ ಇಲ್ಲಿ ಲೆಕ್ಕಕ್ಕೆ ಬರಬೇಕು. ಈ ಗ್ರಂಥ ಬರೋಡೆಯಲ್ಲೂ ಮೈಸೂರಿನಲ್ಲೂ ಅಚ್ಚಾಗತೊಡಗಿದ್ದು 1920ರ ದಶಕದಲ್ಲಿ. ಪ್ರಾಚೀನ ಭಾರತದ ವ್ಯಾಯಾಮವೆಂದು ಅದನ್ನು ಎತ್ತಿ ತೋರಿಸುವ ಉತ್ಸಾಹ ಹುಟ್ಟಿದ ಕಾಲವೂ, ಮನೆ ವ್ಯಾಯಾಮದ ಪುಸ್ತಕಗಳು ಮಾರಾಟವಾಗತೊಡಗಿದ ಕಾಲವೂ ಒಂದೇ. ಹಳೆಯದರ ಹೆಮ್ಮೆ ಹೊಸದರ ಜೊತೆಗೇ ಬೆಳೆಯಿತು.

ಗರಡಿಯಲ್ಲಿ ಹೊಟ್ಟೆ ಸೊಂಟಕ್ಕೆ ಕೆಲಸವಿರಲಿಲ್ಲವೇ? ಬೇಕಾದಷ್ಟಿತ್ತು. ದಂಡೆಯನ್ನೇ ನೋಡಿ. ಅಂಗೈ, ಕಾಲ್ಬೆರಳು ನೆಲಕ್ಕೂರಿ, ಸೊಂಟ ಮೇಲೆತ್ತಿದ ನಿಲುವಿನಿಂದ ಎದೆಯನ್ನು ನೆಲಕ್ಕೆ ತಾಗುವಂತೆ ತೂರಿಸಿ, ತಲೆ ಎತ್ತಿ, ಮತ್ತೆ ಹಿಂದಕ್ಕೆ ಬರುವಾಗ ನಡುಮೈ ಒಂದು ಕ್ಷಣವೂ ಸಡಿಲುವಂತಿಲ್ಲ. ಈಗಿನವರು ಪ್ಲ್ಯಾಂಕ್ ಎನ್ನುವ ನಿಲುವು ಅದರ ನಡುದಾರಿಯಲ್ಲೇ ಸಿಗುತ್ತದೆ, ವ್ಯತ್ಯಾಸವೆಂದರೆ ಗರಡಿಯವನು ಅಲ್ಲಿ ನಿಲ್ಲುವುದಿಲ್ಲ, ಹಾದುಹೋಗುತ್ತಾನೆ. ಗದೆಯನ್ನು ಹೆಗಲ ಹಿಂದಿನಿಂದ ಬೀಸುವಾಗ ತೋಳಿನಷ್ಟೇ ಪಕ್ಕೆಗಳೂ ದುಡಿಯುತ್ತವೆ. ಮಲ್ಲಕಂಬದ ಮೇಲೆ ತೊಡೆಯಲ್ಲಿ ಕಂಬ ಅಪ್ಪಿ ಮೈಯನ್ನು ಅಡ್ಡಡ್ಡ ಚಾಚುವ ಹುಡುಗನ ಸೊಂಟಕ್ಕೆ ಸಮನಾದ ಪರೀಕ್ಷೆ ಯಾವ ಜಿಮ್ಮಿನಲ್ಲೂ ಇಲ್ಲ. ಪೇಶ್ವೆ ಎರಡನೆಯ ಬಾಜಿರಾಯನ ಕಾಲದ ಬಾಳಂಭಟ್ಟ ದೇವಧರರು ಪುಣೆಯ ಸೀಮೆಯಲ್ಲಿ ಮತ್ತೆ ಬೆಳಕಿಗೆ ತಂದರೆಂದು ಹೇಳಲಾಗುವ ಈ ವಿದ್ಯೆ ನಮ್ಮ ಉತ್ತರದ ಜಿಲ್ಲೆಗಳಲ್ಲಿ ಇವತ್ತಿಗೂ ಜೀವಂತವಾಗಿದೆ. ಇಷ್ಟಿದ್ದೂ ಗರಡಿಯಲ್ಲಿ ಸೊಂಟಕ್ಕೆಂದು ಪ್ರತ್ಯೇಕ ವ್ಯಾಯಾಮ ಇರಲಿಲ್ಲ. ಪಟ್ಟು ಹಾಕಿದವನ ಕೆಳಗೆ ಸಿಕ್ಕಾಗ ಮೈ ಮಗುಚದಂತೆ ಹಿಡಿಯುವ ಬಲ ಬೇಕು, ಅದು ಇಡೀ ಮೈಗೆ ಸೇರಿದ್ದು. ಒಳ್ಳೆಯ ಪೈಲ್ವಾನರಲ್ಲಿ ಬಹುಮಂದಿಗೆ ಹೊಟ್ಟೆ ತುಸು ಮುಂದೆಯೇ ಇರುತ್ತಿತ್ತು, ಅದನ್ನು ಯಾರೂ ಕೊರತೆಯೆಂದು ಎಣಿಸಲಿಲ್ಲ. ಗರಡಿಯಲ್ಲಿ ಕನ್ನಡಿಗೂ ಜಾಗವಿರಲಿಲ್ಲ. ನಡುಮೈಯನ್ನು ಬೇರೆ ಮಾಡಿ ನೋಡುವ ಕಣ್ಣು ಬಂದದ್ದು ವ್ಯಾಯಾಮ ಗರಡಿಯ ಬಾಗಿಲು ದಾಟಿದ ಮೇಲೆ.

ದಾಟಿಸಿದ್ದು ಯಾವುದು? ಊರು ಬದಲಾದದ್ದು. ಬೆಂಗಳೂರಿಗೆ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಬಂದದ್ದು 1896ರಲ್ಲಿ. ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಅದರ ಹಿಂದೆಯೇ ಹಿಟ್ಟಿನ ಗಿರಣಿ, ಅಕ್ಕಿ ಗಿರಣಿ. ದಿವಾನರ ಆಡಳಿತ ಬೆಳೆದಂತೆ ಕಚೇರಿಗಳು ಬೆಳೆದವು, ಕಚೇರಿ ಬೆಳೆದಂತೆ ಬೆಳಗಿನಿಂದ ಸಂಜೆಯವರೆಗೆ ಕೂತು ಬರೆಯುವ ಗುಮಾಸ್ತರ ವರ್ಗ ಬೆಳೆಯಿತು. ಅಜೀರ್ಣ, ಮಲಬದ್ಧತೆ, ಬೊಜ್ಜು, ಸೊಂಟನೋವು ಈ ವರ್ಗದ ಕಾಯಿಲೆಗಳು. ವ್ಯಾಯಾಮ ಪುಸ್ತಕಗಳು ಮಾತನಾಡಿದ್ದು ಇವರೊಂದಿಗೇ. ಭಾರದ್ವಾಜ್ ಎಂಬವರ ವ್ಯಾಯಾಮ ದೀಪಿಕೆ ಬೆಂಗಳೂರಿನಲ್ಲಿ ಅಚ್ಚಾದದ್ದು ಕೊಳಾಯಿ ನೀರು ಬಂದ 1896ರಲ್ಲೇ. ಎರಡೂ ಒಂದೇ ವರ್ಷ ಬಿದ್ದದ್ದು ಆಕಸ್ಮಿಕ, ಒಂದೇ ಊರಿನಲ್ಲಿ ಒಂದೇ ತಲೆಮಾರಿಗೆ ಬೇಕಾದದ್ದು ಆಕಸ್ಮಿಕವಲ್ಲ. ಗರಡಿಯ ದೇಶೀ ಕಸರತ್ತುಗಳನ್ನು ಪುಸ್ತಕದ ಪಾಠವಾಗಿಸಿದ ಮೊದಲ ಯತ್ನಗಳಲ್ಲಿ ಅದೊಂದು.

ಇಲ್ಲಿ ಒಂದು ಆಕ್ಷೇಪ ಬಂದೇ ಬರುತ್ತದೆ. ನಮ್ಮ ಅಜ್ಜಿಯರು ಬೀಸಿದರು, ಕುಟ್ಟಿದರು, ಬಾವಿಯಿಂದ ನೀರು ಸೇದಿದರು, ಬಗ್ಗಿ ಗುಡಿಸಿ ಸಾರಿಸಿದರು. ಅವರ ಸೊಂಟ ಕಬ್ಬಿಣದಂತಿತ್ತು, ಮನೆಗೆಲಸವೇ ನಿಜವಾದ ಮನೆ ವ್ಯಾಯಾಮ, ಉಳಿದದ್ದೆಲ್ಲ ಉಂಡು ಕೂತವರ ಚಟ. ಇದರಲ್ಲಿ ಅರ್ಧ ನಿಜವಿದೆ. ಒನಕೆ ಎತ್ತಿ ಹಾಕುವಾಗ, ಕೊಡ ಸೊಂಟಕ್ಕೇರಿಸುವಾಗ ನಡುಮೈಯ ಸ್ನಾಯುಗಳು ದುಡಿಯುತ್ತವೆ ಎನ್ನಲು ಪ್ರಯೋಗಶಾಲೆ ಬೇಡ. ಆದರೆ ದುಡಿಮೆ ಮೈಯ ಅನುಕೂಲ ನೋಡಿ ನಡೆಯುವುದಿಲ್ಲ. ಕೊಡ ಯಾವಾಗಲೂ ಒಂದೇ ಪಕ್ಕೆಗೆ ಕೂರುತ್ತದೆ. ಬಸುರಿಯೆಂದು ಬಾವಿ ಹತ್ತಿರ ಬರುವುದಿಲ್ಲ, ಬಾಣಂತಿಯೆಂದು ಬೀಸುವ ಕಲ್ಲು ಹಗುರಾಗುವುದಿಲ್ಲ. ವ್ಯಾಯಾಮ ಸಾಕೆನಿಸಿದಾಗ ನಿಲ್ಲಿಸಬಹುದಾದದ್ದು, ಎರಡು ಬದಿಗೂ ಸಮನಾಗಿ ಮಾಡಬಹುದಾದದ್ದು; ಒನಕೆಗೆ ಆ ಗುಣವಿರಲಿಲ್ಲ. ಹಳೆಯ ಗಟ್ಟಿ ಸೊಂಟಗಳ ನೆನಪಿನಲ್ಲಿ ಉಳಿದವರ ಲೆಕ್ಕವಿದೆ, ನಲವತ್ತಕ್ಕೇ ಬಾಗಿ ಹೋದವರ ಲೆಕ್ಕವಿಲ್ಲ. ಗಿರಣಿ ಬಂದ ಊರಲ್ಲಿ ಒನಕೆಯನ್ನು ಮತ್ತೆ ಹಿಡಿಯಲು ಯಾವ ಹೆಂಗಸೂ ಮುಂದೆ ಬರಲಿಲ್ಲ ಎಂಬುದೇ ಆ ಕೆಲಸದ ಬಗ್ಗೆ ಅವರು ಕೊಟ್ಟ ತೀರ್ಪು.

ಇದೇ ಹೊತ್ತಿಗೆ ಯುರೋಪಿನಲ್ಲೂ ಗುಮಾಸ್ತನ ಹೊಟ್ಟೆ ದೊಡ್ಡ ವ್ಯಾಪಾರವಾಗಿತ್ತು. ದೇಹದಾರ್ಢ್ಯಪಟು ಯೂಜೀನ್ ಸ್ಯಾಂಡೊ ಲಂಡನ್ನಿನಲ್ಲಿ ಕೂತು ಸ್ಪ್ರಿಂಗು ಡಂಬೆಲ್ಲು, ರಬ್ಬರಿನ ಎಳೆತ ಸಾಧನ, ಅಂಚೆ ಪಾಠ ಎಲ್ಲವನ್ನೂ ಮಾರುತ್ತಿದ್ದ. 1904-05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟು ಹೋದ. ಡೆನ್ಮಾರ್ಕಿನ ಯೆ. ಪೆ. ಮ್ಯುಲರ್ 1904ರಲ್ಲಿ ಪ್ರಕಟಿಸಿದ ಪುಸ್ತಕವಂತೂ ಸಾಧನವೇ ಬೇಡ ಎಂದಿತು. ದಿನಕ್ಕೆ ಹದಿನೈದು ನಿಮಿಷ, ತೆರೆದ ಕಿಟಕಿ, ಬರಿ ಮೈ. ನಡುಮೈಯ ಸುತ್ತ ಸ್ನಾಯುಗಳೇ ಬಿಗಿಯುಡುಪಿನ ಹಾಗೆ ಕಟ್ಟಿಕೊಳ್ಳಬೇಕು ಎಂಬುದು ಅವನ ಹಠ. ಇಂದಿನ ಕೋರ್ ಪಾಠದ ತಿರುಳು ಅಲ್ಲಿದೆ. ಪ್ರಾಗ್ ನಗರದಲ್ಲಿ ವಿಮಾ ಕಚೇರಿಯ ಕೆಲಸದಲ್ಲಿದ್ದ ಲೇಖಕ ಕಾಫ್ಕಾ ಕೂಡ ಕಿಟಕಿಯ ಮುಂದೆ ನಿಂತು ಮ್ಯುಲರ್ ವ್ಯಾಯಾಮ ಮಾಡುತ್ತಿದ್ದ ಎಂದರೆ ಅದರ ಹರವು ತಿಳಿದೀತು. ಇವೆಲ್ಲ ನಮ್ಮ ಊರುಗಳಿಗೂ ಪುಸ್ತಕವಾಗಿ, ಪತ್ರಿಕೆಯ ಜಾಹೀರಾತಾಗಿ ಬಂದವು. ಬಂದದ್ದನ್ನು ನಮ್ಮವರು ಏನು ಮಾಡಿದರು ಎಂಬುದೇ ಮುಖ್ಯ ಪ್ರಶ್ನೆ.

ಔಂಧಿನ ಅರಸ ಭವಾನರಾವ್ ಪಂತ ಪ್ರತಿನಿಧಿ ಇದಕ್ಕೆ ಮೊದಲ ಉತ್ತರ. ಪಟ್ಟಕ್ಕೆ ಬರುವ ಮುನ್ನ ಅವರೇ ಸ್ಯಾಂಡೊನ ಸಾಧನ ತರಿಸಿಕೊಂಡು ಸುಮಾರು ಹತ್ತು ವರ್ಷ ಬೆವರಿಳಿಸಿದವರು. 1908ರ ಹೊತ್ತಿಗೆ ಅದನ್ನು ಬಿಟ್ಟು ಸೂರ್ಯ ನಮಸ್ಕಾರ ಹಿಡಿದರು. ಮಂತ್ರ ಹೇಳಿ ಸೂರ್ಯನಿಗೆ ಅಡ್ಡಬೀಳುವ ಆಚರಣೆ ಮೊದಲೇ ಇತ್ತು, ರಥಸಪ್ತಮಿಯ ನಮಸ್ಕಾರ ನಮಗೂ ಹೊಸದಲ್ಲ. ಪಂತರು ಮಾಡಿದ್ದು ಅದಕ್ಕೆ ಗೊತ್ತಾದ ಹತ್ತು ನಿಲುವು, ಉಸಿರಿನ ಲೆಕ್ಕ, ದಿನದ ಸಂಖ್ಯೆ ನಿಗದಿ ಮಾಡಿ, ಚಿತ್ರ ಬರೆಸಿ, ಪುಸ್ತಕ ಅಚ್ಚು ಹಾಕಿಸಿ, ತಮ್ಮ ಸಂಸ್ಥಾನದ ಶಾಲೆಗಳಲ್ಲಿ ಕಡ್ಡಾಯ ಮಾಡಿದ್ದು. ಆ ಸಂಸ್ಥಾನದ ಒಂದು ತುಣುಕು ನಮ್ಮ ವಿಜಯಪುರ ಸೀಮೆಯ ಗುಣದಾಳದಲ್ಲಿತ್ತು. ರಾಣಿಯೂ ಮಾಡಿದರು, ಮಕ್ಕಳೂ ಮಾಡಿದರು. ಲಂಡನ್ನಿನ ಪತ್ರಕರ್ತೆ ಲೂಯಿಸ್ ಮಾರ್ಗನ್ ನೆರವಿನಿಂದ 1938ರಲ್ಲಿ ಅದರ ಇಂಗ್ಲಿಷ್ ಆವೃತ್ತಿಯೂ ಹೊರಬಂತು. ಸೂರ್ಯ ನಮಸ್ಕಾರದಲ್ಲಿ ದಂಡೆ ಇದೆ, ಎದುರಾಳಿ ಇಲ್ಲ. ಪೂಜೆ ಇದೆ, ಪುರೋಹಿತರ ಅಗತ್ಯವಿಲ್ಲ. ಒಂದು ಚಾಪೆಯಷ್ಟು ಜಾಗ ಸಾಕು. ಗರಡಿಯನ್ನು ಪಡಸಾಲೆಗೆ ತರುವ ಯುಕ್ತಿ ಇದಕ್ಕಿಂತ ಚೆನ್ನಾಗಿ ಯಾರಿಗೂ ಹೊಳೆದಿರಲಿಲ್ಲ.

ಬೆಂಗಳೂರಿನ ಕೆ. ವಿ. ಅಯ್ಯರರ ಹೆಸರು ಕನ್ನಡ ಓದುಗರಿಗೆ ಶಾಂತಲಾ, ರೂಪದರ್ಶಿ ಕಾದಂಬರಿಗಳಿಂದ ಪರಿಚಿತ, ರಂಗಭೂಮಿಯವರಿಗೆ ಕೈಲಾಸಂ ಅವರ ಆಪ್ತರೆಂದು ಪರಿಚಿತ. ಅವರ ಮೂಲ ಕಸುಬು ವ್ಯಾಯಾಮ. ಜೆ. ಸಿ. ರಸ್ತೆಯ ಅವರ ವ್ಯಾಯಾಮಶಾಲೆ ಗರಡಿಗಿಂತ ತೀರ ಬೇರೆ ಜಾಗ. ಅಲ್ಲಿ ಭಾರವೂ ಇತ್ತು, ಆಸನವೂ ಇತ್ತು, ಕ್ಯಾಮೆರಾದ ಕಣ್ಣೂ ಇತ್ತು. ಅಯ್ಯರರ ಮೈಕಟ್ಟಿನ ಚಿತ್ರಗಳು ವಿದೇಶದ ವ್ಯಾಯಾಮ ಪತ್ರಿಕೆಗಳಲ್ಲೂ ಬಂದವು. 1930ರ ಮಸಲ್ ಕಲ್ಟ್, 1937ರ ಸೂರ್ಯ ನಮಸ್ಕಾರ್, ಅಂಚೆಯ ಮೂಲಕ ದೇಹಶಿಕ್ಷಣ ಕೊಡುವ ಬಗ್ಗೆ 1940ರಲ್ಲಿ ತಂದ ಇನ್ನೊಂದು ಪುಸ್ತಕ, ಇವುಗಳನ್ನು ಬರೆದದ್ದು ಇಂಗ್ಲಿಷಿನಲ್ಲಿ. ತೋಳಿಗೂ ಎದೆಗೂ ಭಾರ, ಒಳಾಂಗಗಳಿಗೂ ಬೆನ್ನುಮೂಳೆಗೂ ಹಠಯೋಗ ಎಂದು ಎರಡನ್ನೂ ಜೋಡಿಸಿದ್ದು ಅವರ ಹೆಚ್ಚುಗಾರಿಕೆ. ಹೊಟ್ಟೆಯ ನಡುವಿನ ಸ್ನಾಯುಗಳನ್ನು ಮಾತ್ರ ಎತ್ತಿ ತೋರಿಸುವ, ಹಠಯೋಗದವರು ನೌಲಿ ಎನ್ನುವ ಕ್ರಿಯೆ ಮೊದಲು ಹೊಟ್ಟೆಯ ಒಳಶುದ್ಧಿಗೆಂದು ಇದ್ದದ್ದು. ಫೋಟೋ ಹಿಡಿಯುವವನ ಮುಂದೆ ಅದು ಸ್ನಾಯುವಿನ ಹತೋಟಿಯ ಪುರಾವೆಯಾಯಿತು. ನಡುಮೈ ಮೊದಲ ಬಾರಿಗೆ ಬೇರೆಯಾಗಿ ಕಾಣಿಸಿಕೊಂಡದ್ದು ಇಂಥ ಪುಟಗಳಲ್ಲಿ. ಅಂಚೆ ಪಾಠವನ್ನು ಹಗುರವಾಗಿ ಕಾಣಬಾರದು. ಉಸ್ತಾದರ ಕಣ್ಣು ಮನೆಗೆ ಬರಲಾರದು ಎಂಬ ಕೊರತೆಗೆ ಕಾಗದಪತ್ರದ ಮೂಲಕ ಕಂಡುಕೊಂಡ ಪರಿಹಾರ ಅದು.

ಮೈಸೂರಿನಲ್ಲಿ ನಡೆದದ್ದು ಹೆಚ್ಚು ಪ್ರಸಿದ್ಧ, ಹೆಚ್ಚು ವಿವಾದಿತ ಕೂಡ. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಟಿ. ಕೃಷ್ಣಮಾಚಾರ್ಯರ ಯೋಗಶಾಲೆ 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ತೆರೆಯಿತು. ಅಯ್ಯರರ ಶಿಷ್ಯರೊಬ್ಬರು ನಡೆಸುತ್ತಿದ್ದ ವ್ಯಾಯಾಮ ತರಗತಿಯೂ ಅದರ ನೆರೆಯಲ್ಲೇ ಇತ್ತು. ಆಚಾರ್ಯರು ಕನ್ನಡದಲ್ಲೇ ಯೋಗ ಮಕರಂದ ಬರೆದರು, 1941ರಲ್ಲಿ ಯೋಗಾಸನಗಳು ಬಂತು. ಅವರ ಪಾಠದಲ್ಲಿ ಒಂದು ಆಸನದಿಂದ ಇನ್ನೊಂದಕ್ಕೆ ಹಾಯುವ ವಿನ್ಯಾಸಗಳು, ಅವುಗಳ ನಡುವೆ ಮತ್ತೆ ಮತ್ತೆ ಬರುವ ಚತುರಂಗ ದಂಡಾಸನ ನೋಡಿದವರಿಗೆ ಗರಡಿಯ ದಂಡೆ ನೆನಪಾಗದೆ ಇರದು. ನಾರ್ಮನ್ ಶೋಮನ್ 1996ರಲ್ಲಿ ಪ್ರಕಟಿಸಿದ ಮೈಸೂರು ಅರಮನೆಯ ಯೋಗ ಪರಂಪರೆಯ ಅಧ್ಯಯನ ಈ ಎಳೆಯನ್ನೇ ಹಿಡಿಯಿತು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ತ್ವನಿಧಿಯಲ್ಲಿ 122 ಆಸನಗಳ ಚಿತ್ರಗಳಿವೆ. ಹಗ್ಗ ಹಿಡಿದು ಮಾಡುವಂಥವು, ಮಲ್ಲರ ಕಸರತ್ತನ್ನು ಹೋಲುವಂಥವು ಅವುಗಳಲ್ಲಿ ಸೇರಿವೆ. ಆ ಗ್ರಂಥ ಆಚಾರ್ಯರಿಗೆ ಗೊತ್ತಿತ್ತು. ವ್ಯಾಯಾಮ ದೀಪಿಕೆಯನ್ನೂ ಶೋಮನ್ ಇದೇ ಸರಣಿಯಲ್ಲಿ ಎಣಿಸುತ್ತಾರೆ. ಆಚಾರ್ಯರ ಪರಂಪರೆಯವರು ಇದನ್ನು ಒಪ್ಪುವುದಿಲ್ಲ. ತಮ್ಮ ಕ್ರಮ ಗುರುವಿನಿಂದ ಬಂದದ್ದು, ಯೋಗ ಕುರಂಟ ಎಂಬ ಹಳೆಯ ಗ್ರಂಥದ್ದು ಎಂಬುದು ಅವರ ನಿಲುವು. ಆ ಗ್ರಂಥ ಇವತ್ತು ಯಾರ ಕೈಯಲ್ಲೂ ಇಲ್ಲ, ಶ್ರೀತತ್ತ್ವನಿಧಿ ಕಣ್ಣೆದುರಿಗಿದೆ. ಚರಿತ್ರೆಕಾರ ಕಣ್ಣೆದುರಿನದಕ್ಕೆ ಹೆಚ್ಚು ತೂಕ ಕೊಡುವುದು ಅಶ್ರದ್ಧೆಯಲ್ಲ.

ಇದರ ಎದುರು ತುದಿಯ ಆಕ್ಷೇಪವೂ ಇದೆ: ಇವೆಲ್ಲ ಸ್ಯಾಂಡೊ, ಮ್ಯುಲರರ ನಕಲು, ಭಾರತೀಯ ಬಣ್ಣ ಬಳಿದ ಯುರೋಪಿನ ಕವಾಯತು ಎಂಬುದು. ಯೋಗದ ಆಧುನಿಕ ಚರಿತ್ರೆ ಬರೆದ ಕೆಲವರು ಹೆಚ್ಚುಕಡಿಮೆ ಇಲ್ಲಿಯವರೆಗೆ ಬರುತ್ತಾರೆ. ಮಾದರಿಯಲ್ಲಿ ಸಾಲ ಇದೆ: ಗಡಿಯಾರ, ಕೋಷ್ಟಕ, ಮುನ್ನ ಮತ್ತು ನಂತರದ ಫೋಟೋ, ಅಂಚೆ ಪಾಠ, ಇವು ಲಂಡನ್ನಿನವು. ಸರಕಿನಲ್ಲಿ ಸಾಲ ಕಡಿಮೆ. ದಂಡೆ, ಬಸ್ಕಿ, ನಮಸ್ಕಾರ, ನೌಲಿ ಯಾವುದಕ್ಕೂ ಲಂಡನ್ನಿನ ಅಪ್ಪಣೆ ಬೇಕಿರಲಿಲ್ಲ. ಭವಾನರಾವ್ ಸ್ಯಾಂಡೊನನ್ನು ಹತ್ತು ವರ್ಷ ಅಭ್ಯಾಸ ಮಾಡಿ ಬಿಟ್ಟದ್ದು, ಅಯ್ಯರರು ಭಾರವನ್ನು ಉಳಿಸಿಕೊಂಡೂ ಆಸನ ಸೇರಿಸಿದ್ದು ನಕಲು ಮಾಡುವವರ ನಡತೆಯಲ್ಲ. ಒಂದು ಸಣ್ಣ ಸಂಗತಿ ಇಲ್ಲಿ ಉಪಯುಕ್ತ. 1930ರ ದಶಕದ ಮೈಸೂರಿನಲ್ಲಿ ಸೂರ್ಯ ನಮಸ್ಕಾರವನ್ನೂ ಯೋಗಾಸನವನ್ನೂ ಬೇರೆ ಬೇರೆ ತರಗತಿಗಳಲ್ಲಿ ಕಲಿಸುತ್ತಿದ್ದರು. ಎರಡೂ ಒಂದೇ ಎಂಬ ಇಂದಿನ ತಿಳಿವಳಿಕೆ ಅವರಿಗಿರಲಿಲ್ಲ. ಯಾವುದು ಎಲ್ಲಿಂದ ಬಂತು ಎಂಬುದು ಮಾಡುತ್ತಿದ್ದವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು.

ಗರಡಿಯಿಂದ ಮನೆಗೆ ಬರುವಾಗ ಕಳೆದುಹೋದದ್ದೂ ಇದೆ. ಎದುರಾಳಿ ಹೋದ, ಮಟ್ಟಿ ಹೋಯಿತು, ತಿದ್ದುವ ಕೈ ಹೋಯಿತು. ಬಂದದ್ದು ಎಣಿಕೆ ಮತ್ತು ಕನ್ನಡಿ. ನಡುಮೈಯನ್ನು ಬೇರೆಯಾಗಿ ನೋಡುವ ಅಭ್ಯಾಸಕ್ಕೆ ಪ್ರಯೋಗಶಾಲೆಯ ಮುದ್ರೆ ಬಿದ್ದದ್ದು ಬಹಳ ತಡವಾಗಿ. 1996ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಹಾಜಸ್ ಮತ್ತು ರಿಚರ್ಡ್‌ಸನ್, ಸೊಂಟನೋವಿರುವವರು ತೋಳು ಎತ್ತುವಾಗ ಹೊಟ್ಟೆಯ ತೀರ ಒಳಪದರದ ಸ್ನಾಯು ಉಳಿದವರಿಗಿಂತ ತಡವಾಗಿ ಬಿಗಿಯುತ್ತದೆ ಎಂದು ತೋರಿಸಿದರು. ಹೊಕ್ಕುಳನ್ನು ಒಳಗೆಳೆದುಕೊಳ್ಳಿ ಎಂಬ ಪಾಠ ಅಲ್ಲಿಂದ ಜಿಮ್ಮುಗಳಿಗೆ ಹಬ್ಬಿತು. ಕೆನಡಾದ ಸ್ಟುಅರ್ಟ್ ಮೆಕ್‌ಗಿಲ್ ಅದನ್ನು ಒಪ್ಪದೆ, ಒಂದೇ ಸ್ನಾಯುವಿನ ಹಿಂದೆ ಬೀಳಬೇಡಿ, ಸುತ್ತಲಿನ ಎಲ್ಲವನ್ನೂ ಒಟ್ಟಿಗೆ ಬಿಗಿಹಿಡಿಯಿರಿ ಎಂದರು. 2010ರಲ್ಲಿ ಲಂಡನ್ನಿನ ಐಯಲ್ ಲೆಡರ್‌ಮನ್ ಇನ್ನೂ ಮುಂದೆ ಹೋಗಿ, ಕೋರ್ ವ್ಯಾಯಾಮ ಬೇರೆ ವ್ಯಾಯಾಮಕ್ಕಿಂತ ಸೊಂಟನೋವಿಗೆ ವಿಶೇಷ ಮದ್ದು ಎನ್ನಲು ಆಧಾರವಿಲ್ಲವೆಂದು ವಾದಿಸಿದರು. ವಾದ ಇನ್ನೂ ನಡೆದಿದೆ. ಆದರೆ ಒಟ್ಟಿಗೆ ಬಿಗಿಹಿಡಿಯುವುದು, ಬಿಡಿ ಸ್ನಾಯುವಿಗಿಂತ ಇಡೀ ಮೈ ಎಂಬ ಈ ತಿರುವು ಗರಡಿಯ ಎಣಿಕೆಗೆ ಹತ್ತಿರವಾದದ್ದು. ಉಸ್ತಾದರಿಗೆ ಇದೆಲ್ಲ ಮೊದಲೇ ಗೊತ್ತಿತ್ತು ಎನ್ನಲಾಗದು. ಅವರು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಬೇರೆ ಮಾಡುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ, ಅಷ್ಟು ಹೇಳಬಹುದು. ತಿದ್ದುವ ಕೈಯೂ ಪೂರ್ತಿ ಅಳಿಯಲಿಲ್ಲ. ಕೃಷ್ಣಮಾಚಾರ್ಯರ ಶಿಷ್ಯ ಪಟ್ಟಾಭಿ ಜೋಯಿಸರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರದಲ್ಲಿ ಆರಂಭಿಸಿದ ಸಂಸ್ಥೆಯಲ್ಲಿ ಪ್ರತಿಯೊಬ್ಬರೂ ತಮ್ಮ ಪಾಡಿಗೆ ಅಭ್ಯಾಸ ಮಾಡುತ್ತಾರೆ, ಗುರು ನಡುವೆ ಓಡಾಡಿ ಕೈಹಿಡಿದು ತಿದ್ದುತ್ತಾರೆ. ಹೊರದೇಶದವರು ಮೈಸೂರು ಶೈಲಿ ಎನ್ನುವುದು ಇದಕ್ಕೆ, ಅದರಲ್ಲಿ ಆಸನಕ್ಕಿಂತ ಗರಡಿಯ ಶಿಸ್ತೇ ನನಗೆ ಹೆಚ್ಚು ಕಾಣುತ್ತದೆ.

ಕಳೆದದ್ದನ್ನು ಮಾತ್ರ ಲೆಕ್ಕ ಹಾಕುವವರು ಗರಡಿಯ ಬಾಗಿಲು ಯಾರಿಗೆ ತೆರೆದಿರಲಿಲ್ಲ ಎಂಬುದನ್ನು ಮರೆಯುತ್ತಾರೆ. ಹೆಂಗಸರಿಗೆ ಅಲ್ಲಿ ಪ್ರವೇಶವಿರಲಿಲ್ಲ. ವ್ಯಾಯಾಮ ಅವರಿಗೆ ಸಿಕ್ಕದ್ದು ಎರಡು ದಾರಿಯಲ್ಲಿ. ಒಂದು ರಾಷ್ಟ್ರೀಯ ಚಳವಳಿ: ಹುಬ್ಬಳ್ಳಿಯಲ್ಲಿ ಎನ್. ಎಸ್. ಹರ್ಡೀಕರರು ಕಟ್ಟಿದ ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗವನ್ನು ಉಮಾಬಾಯಿ ಕುಂದಾಪುರ ಅವರು ನಡೆಸಿದರು, 1924ರ ಬೆಳಗಾವಿ ಕಾಂಗ್ರೆಸ್ಸಿನಲ್ಲಿ ಕವಾಯತು ಕಲಿತ ಸ್ವಯಂಸೇವಕಿಯರು ನೂರಕ್ಕೂ ಮಿಕ್ಕಿ ನಿಂತರು. ಇನ್ನೊಂದು ಮನೆ. ಕೃಷ್ಣಮಾಚಾರ್ಯರ ಅಭ್ಯಾಸವನ್ನು ಸೆರೆಹಿಡಿದ 1938ರ ಮೂಕಿ ಚಿತ್ರದಲ್ಲಿ ಅವರ ಹೆಂಡತಿ ನಾಮಗಿರಿಯಮ್ಮನವರೂ ಹೆಣ್ಣುಮಕ್ಕಳೂ ಆಸನ ಹಾಕುತ್ತಾರೆ. ಪಡಸಾಲೆಯ ಚಾಪೆಗೆ ಯಾರ ಅನುಮತಿಯೂ ಬೇಕಿರಲಿಲ್ಲ. ಯೋಗಶಾಲೆಗೆ ಮಾತ್ರ ಬೇಕಿತ್ತು. ಲಾಟ್ವಿಯಾ ಮೂಲದ ಇಂದ್ರಾ ದೇವಿ 1930ರ ದಶಕದ ಕೊನೆಗೆ ಕಲಿಯಲು ಬಂದಾಗ ಆಚಾರ್ಯರು ಮೊದಲು ಒಲ್ಲೆನೆಂದರು, ಮಹಾರಾಜರು ಹೇಳಿದ ಮೇಲೆ ಒಪ್ಪಿದರು. ಆಕೆ ಮುಂದೆ ಹಾಲಿವುಡ್ಡಿಗೆ ಹೋಗಿ ಪಾಠಶಾಲೆ ತೆರೆದರು, ಅಮೆರಿಕದ ಗೃಹಿಣಿಯರಿಗೆ ಮನೆಯಲ್ಲೇ ಮಾಡಿಕೊಳ್ಳಿ ಎಂದು ಪುಸ್ತಕ ಬರೆದರು. ಇಂದು ಫೋನಿನ ಪರದೆಯ ಮೇಲೆ ಇಂಗ್ಲಿಷ್ ಹೆಸರು ಹೊತ್ತು ಬರುವ ಚಾಪೆಯ ಪಾಠಗಳಲ್ಲಿ ಒಂದು ಪಾಲು ಜಗನ್ಮೋಹನ ಅರಮನೆಯ ಆ ಕೋಣೆಯಿಂದ ಹೊರಟು, ಸಮುದ್ರ ದಾಟಿ, ಊರಿಗೆ ಮರಳಿದ್ದು.